ಎಂ.ಎ. ಆಮೇಲೆ ನೋಡೋಣ, ಮೊದಲು ಬೇರೆಯವರ ತಾಲೀಮಿನಲ್ಲಿ ಸುಮ್ನೆ ಕೂರಿ

ಹತ್ತು ವರ್ಷ ಮೈಸೂರಿನಲ್ಲಿ ನಾಟಕ ಮಾಡಿಸಿದ್ದೀರಿ. ಈಗ ಹೆಂಡತಿಯ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟಿದ್ದೀರಿ. ಅಲ್ಲಿ ನಿರ್ದೇಶಕನಾಗಿ ನೆಲೆ ನಿಲ್ಲಲು ಮೊದಲು ಎಂ.ಎ. ಮಾಡಬೇಕಾ, ಇಲ್ಲಾ ಅಲ್ಲಿರುವ ಕನ್ನಡದವರನ್ನು ಸೇರಿಸಿ ತಂಡ ಕಟ್ಟಬೇಕಾ ಅಂತ ಕೇಳಿದ್ದೀರಿ.

2012ರಲ್ಲಿ ಇದೇ ಪ್ರಶ್ನೆ ಹೊತ್ತು ನಾನು ಲೆಸ್ಟರ್‌ಗೆ ಬಂದಿಳಿದೆ. ಹೆಂಡತಿ ನರ್ಸ್, ನಾನು ಅವಳ ವೀಸಾದ ಮೇಲೆ ಡಿಪೆಂಡೆಂಟ್. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು, ಅವರದೇ ಪ್ರವಾಸಿ ತಂಡ ‘ತಿರುಗಾಟ’ದಲ್ಲಿ ಊರೂರು ಸುತ್ತಿ, ಆಮೇಲೆ ಶಿವಮೊಗ್ಗದ ಹವ್ಯಾಸಿ ತಂಡಗಳಿಗೆ ನಾಟಕ ಮಾಡಿಸಿಕೊಂಡಿದ್ದವನು. ಲೆಸ್ಟರ್ ಹೆಸರು ನನಗೆ ಮೊದಲೇ ಗೊತ್ತಿತ್ತು. ಕಾರ್ನಾಡರ ‘ಹಿಟ್ಟಿನ ಹುಂಜ’ ಇಂಗ್ಲಿಷಿನಲ್ಲಿ ‘ಬಲಿ’ಯಾಗಿ 2002ರಲ್ಲಿ ರಂಗಕ್ಕೆ ಬಂದಿದ್ದು ಇದೇ ಊರಿನ ಹೇಮಾರ್ಕೆಟ್ ಥಿಯೇಟರಿನಲ್ಲಿ. ಹಾಗಾಗಿ ಇಲ್ಲಿಯವರಿಗೆ ನಮ್ಮ ರಂಗಭೂಮಿ ಸ್ವಲ್ಪವಾದರೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ನಾನು ಬರುವಷ್ಟರಲ್ಲಿ ಆ ಥಿಯೇಟರ್ ಮುಚ್ಚಿತ್ತು. 2008ರಲ್ಲಿ ಕರ್ವ್ ಅಂತ ದೊಡ್ಡ ಹೊಸ ಥಿಯೇಟರ್ ತೆರೆದಿತ್ತು. ಅಲ್ಲಿಗೆ, ಇಲ್ಲಿಗೆ, ಬರ್ಮಿಂಗ್‌ಹ್ಯಾಮಿಗೆ, ಲಂಡನ್ನಿಗೆ ಅಂತ ನಲವತ್ತು ಕಡೆ ಪತ್ರ ಬರೆದೆ. ನಾನು ಮಾಡಿಸಿದ ನಾಟಕಗಳ ಪಟ್ಟಿ ಎರಡು ಪುಟ ಇತ್ತು. ಒಂದು ಕಡೆಯಿಂದಲೂ ಕರೆ ಬರಲಿಲ್ಲ.

ಒಂದು ವರ್ಷ ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡಿದೆ. ಆಮೇಲೆ ಒಂದು ಥಿಯೇಟರಿನಲ್ಲಿ ಟಿಕೆಟ್ ನೋಡಿ ಸೀಟು ತೋರಿಸುವ ಕೆಲಸ ಸಿಕ್ಕಿತು. ವಿರಾಮದಲ್ಲಿ ಐಸ್‌ಕ್ರೀಂ ಮಾರುವುದೂ ನಮ್ಮದೇ ಕೆಲಸ. ಅದನ್ನು ನಾನು ಇವತ್ತಿಗೂ ನನ್ನ ದೊಡ್ಡ ಪಾಠ ಅಂತಲೇ ಹೇಳುತ್ತೇನೆ. ಒಂದೇ ನಾಟಕವನ್ನು ಮೂವತ್ತು ಸಲ ನೋಡಿದೆ. ಮಂಗಳವಾರ ನಕ್ಕ ಜಾಗದಲ್ಲಿ ಗುರುವಾರದ ಜನ ಯಾಕೆ ನಗಲಿಲ್ಲ, ನಟ ಅರ್ಧ ಉಸಿರು ತಡ ಮಾಡಿದ್ದಕ್ಕಾ, ಬೆಳಕು ಮೊದಲೇ ಬಂದಿದ್ದಕ್ಕಾ, ಇದನ್ನು ಹಿಂದಿನ ಸಾಲಿನಲ್ಲಿ ನಿಂತು ಪ್ರತಿ ರಾತ್ರಿ ಲೆಕ್ಕ ಹಾಕುತ್ತಿದ್ದೆ. ಅಲ್ಲಿನ ಸ್ಟೇಜ್ ಮ್ಯಾನೇಜರ್ ಒಬ್ಬರು ಅದನ್ನು ಗಮನಿಸಿದರು. ಅವರ ಮಾತಿನ ಮೇಲೆಯೇ ಒಂದು ಸಣ್ಣ ಪ್ರವಾಸಿ ಕಂಪನಿಯಲ್ಲಿ ನಾನು ಸಹಾಯಕ ನಿರ್ದೇಶಕನಾದೆ. ನಾಲ್ಕು ವಾರ ತಾಲೀಮು, ಬೆಳಿಗ್ಗೆ 10ರಿಂದ ಸಂಜೆ 6, ಸಂಬಳ ಸಹಿತ. ಆಫೀಸು ಮುಗಿಸಿ ಬಂದವರಿಗೆ ರಾತ್ರಿ ಎರಡು ತಾಸು ತಾಲೀಮು ಮಾಡಿಸಿ ಅಭ್ಯಾಸವಾದ ನನಗೆ ಅದು ಹಬ್ಬವೇ ಆಗಿತ್ತು.

ಎರಡನೇ ವಾರ ತಪ್ಪು ಮಾಡಿದೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನೀವೂ ಇದನ್ನೇ ಮಾಡುತ್ತೀರಿ ಅಂತ ನನಗೆ ಭಯ.

ನಿರ್ದೇಶಕರು ಆ ದಿನ ತಡವಾಗಿ ಬರುವವರಿದ್ದರು. ಅಷ್ಟರಲ್ಲಿ ಒಂದು ದೃಶ್ಯದ ಮಾತುಗಳನ್ನು ಓಡಿಸಿಡಿ ಅಂದಿದ್ದರು. ಅರವತ್ತು ದಾಟಿದ ನಟಿ, ಮಗ ಮನೆ ಬಿಟ್ಟು ಹೋದ ಸುದ್ದಿ ಕೇಳುವ ತಾಯಿ. ಒಂದು ಮಾತು ಅವರಿಗೆ ಕೂರುತ್ತಿರಲಿಲ್ಲ. ನಾನು ಎದ್ದೆ. ಆ ಮಾತನ್ನು ಹೇಗೆ ಹೇಳಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಕುರ್ಚಿಯ ಬೆನ್ನನ್ನು ಯಾವಾಗ ಹಿಡಿಯಬೇಕು, ಎಲ್ಲ ಮಾಡಿ ತೋರಿಸಿದೆ. ಅವರು ‘ಥ್ಯಾಂಕ್ ಯೂ’ ಅಂದರು. ಸ್ಕ್ರಿಪ್ಟ್ ಮುಚ್ಚಿ ನೀರು ಕುಡಿಯಲು ಹೋದರು. ನನಗೆ ಖುಷಿಯಾಯಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ, ಇವತ್ತು ದೊಡ್ಡ ನಟಿಯೊಬ್ಬರಿಗೆ ನಾನು ಹೇಳಿಕೊಟ್ಟೆ ಅಂತ.

ಇಲ್ಲಿ ನಟರು ಯಾವ ಸಲಹೆಗೂ ‘ಥ್ಯಾಂಕ್ ಯೂ’ ಅನ್ನುತ್ತಾರೆ. ಕೇಳಿಸಿತು ಅಂತ ಅಷ್ಟೇ ಅದರ ಅರ್ಥ. ಒಪ್ಪಿದೆ ಅಂತಲ್ಲ. ಮಾತನ್ನು ಹೇಳಿ ತೋರಿಸುವುದಕ್ಕೆ ಇವರು ‘ಲೈನ್ ರೀಡಿಂಗ್’ ಅನ್ನುತ್ತಾರೆ. ಬಹಳ ನಟರಿಗೆ ಅದು ಅವಮಾನ, ನಿನಗೆ ನಟನೆ ಬರುವುದಿಲ್ಲ ಅಂದಹಾಗೆ. ಅದರ ಮೇಲೆ ಸಹಾಯಕ ನಿರ್ದೇಶಕ ಏನೇ ಹೇಳಬೇಕಿದ್ದರೂ ನಿರ್ದೇಶಕರಿಗೆ ಹೇಳಬೇಕು, ನೇರವಾಗಿ ನಟರಿಗಲ್ಲ. ನಾನು ಒಂದೇ ಹತ್ತು ನಿಮಿಷದಲ್ಲಿ ಎರಡು ಗೆರೆ ದಾಟಿದ್ದೆ. ಯಾರೂ ಗದರಲಿಲ್ಲ. ಜಗಳ ಆಗಿದ್ದರೆ ಚೆನ್ನಾಗಿತ್ತು, ಅಲ್ಲೇ ಕಲಿಯುತ್ತಿದ್ದೆ. ಎಲ್ಲರೂ ಮೊದಲಿನಷ್ಟೇ ನಗುತ್ತಾ ಮಾತಾಡಿದರು. ಪ್ರವಾಸ ಮುಗಿಯಿತು. ನನಗೆ ಅಂತ ಮಾತಾಗಿದ್ದ ಮುಂದಿನ ನಾಟಕ ಬೇರೆಯವರಿಗೆ ಹೋಯಿತು. ಎರಡು ವರ್ಷ ಯಾರೂ ಕರೆಯಲಿಲ್ಲ. ಕಾರಣ ನನಗೆ ತಿಳಿದಿದ್ದು ಒಂದು ವರ್ಷದ ನಂತರ, ಅದೇ ಸ್ಟೇಜ್ ಮ್ಯಾನೇಜರ್ ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದಾಗ. ಅಲ್ಲಿಯವರೆಗೂ ನನ್ನ ಬಣ್ಣ, ನನ್ನ ಇಂಗ್ಲಿಷ್ ಉಚ್ಚಾರ, ಇದನ್ನೇ ಕಾರಣ ಅಂತ ನಂಬಿಕೊಂಡು ಒಳಗೊಳಗೇ ಬೆಂದಿದ್ದೆ.

ನಮ್ಮ ಪದ್ಧತಿ ತಪ್ಪು ಅಂತ ನಾನು ಹೇಳುತ್ತಿಲ್ಲ, ಯಾವತ್ತೂ ಹೇಳುವುದಿಲ್ಲ. ಯಕ್ಷಗಾನದಲ್ಲಿ ಗುರು ಹೆಜ್ಜೆ ಹಾಕಿ ತೋರಿಸದಿದ್ದರೆ ಕಲಿಕೆ ಎಲ್ಲಿಂದ ಶುರುವಾಗಬೇಕು? ಮೈಯಿಂದ ಮೈಗೆ ದಾಟುವ ವಿದ್ಯೆ ಅದು. ಆದರೆ ಆ ನಟಿಗೆ ನಾನು ಕೊಟ್ಟಿದ್ದು ಬರೀ ರಾಗ. ಆ ರಾಗ ಯಾಕೆ ಹುಟ್ಟಿತು ಅನ್ನುವುದು ನನ್ನ ಹತ್ತಿರವೇ ಉಳಿಯಿತು. ಅದೇ ‘ಈ ತಾಯಿಗೆ ಈಗ ಸುದ್ದಿ ತಂದವನಿಂದ ಏನು ಬೇಕು?’ ಅಂತ ಕೇಳಿದ್ದರೆ ಅವರೇ ಆ ಕುರ್ಚಿಯನ್ನು ಹಿಡಿಯುತ್ತಿದ್ದರು, ಅಥವಾ ಅದಕ್ಕಿಂತ ಒಳ್ಳೆಯದನ್ನು ಮಾಡುತ್ತಿದ್ದರು. ಈಗ ನಾನು ಮೊದಲ ದಿನವೇ ಎಲ್ಲರನ್ನೂ ಕೇಳಿಬಿಡುತ್ತೇನೆ: ನಾನು ಎದ್ದು ಮಾಡಿ ತೋರಿಸುವ ಪದ್ಧತಿಯಿಂದ ಬಂದವನು, ನಿಮಗೆ ಅದು ಬೇಕಾ, ಬೇಡವಾ? ಅರ್ಧ ಜನ ಬೇಕು ಅನ್ನುತ್ತಾರೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹತ್ತು ವರ್ಷದ ಕೆಲಸಕ್ಕೆ ಇಲ್ಲಿಯ ಒಂದು ಮುದ್ರೆ ಬಿದ್ದರೆ ಬಾಗಿಲು ತೆರೆಯುತ್ತದೆ ಅಂದುಕೊಂಡಿದ್ದೀರಿ. ಇಲ್ಲಿ ನಿರ್ದೇಶಕರನ್ನು ಆರಿಸುವುದು ಹೆಚ್ಚಾಗಿ ಜೊತೆಯಲ್ಲಿ ಕೆಲಸ ಮಾಡಿದವರ ಬಾಯಿಮಾತಿನ ಮೇಲೆ. ನಿಮಗೆ ಕೊರತೆ ಇರುವುದು ಅಂಥ ಜನರದ್ದು, ಪದವಿಯದ್ದಲ್ಲ. ಹೊರದೇಶದವರಿಗೆ ಎಂ.ಎ. ಶುಲ್ಕ ಸ್ಥಳೀಯರಿಗಿಂತ ತುಂಬಾ ಜಾಸ್ತಿ. ಅಷ್ಟು ದುಡ್ಡಿದ್ದರೆ ಅದರಲ್ಲಿ ಮೊದಲ ವರ್ಷ ಬಾಡಿಗೆ ಕಟ್ಟಿ, ಸಿಕ್ಕಿದ ತಾಲೀಮಿಗೆಲ್ಲ ಹೋಗಿ ಕೂರಿ. ಕನ್ನಡ ಸಂಘದಲ್ಲಿ ಖಂಡಿತ ನಾಟಕ ಮಾಡಿಸಿ, ನಾನೂ ಪ್ರತಿ ರಾಜ್ಯೋತ್ಸವಕ್ಕೆ ಮಾಡಿಸುತ್ತೇನೆ, ಮಕ್ಕಳ ಬಾಯಲ್ಲಿ ಕನ್ನಡ ಕೇಳುವುದಕ್ಕೆ. ಅದು ಉಸಿರು. ಅದನ್ನು ಉದ್ಯೋಗದ ಮೆಟ್ಟಿಲು ಮಾಡಿಕೊಳ್ಳಬೇಡಿ.

ಭಾರತದವನು ಅಂದ ಕೂಡಲೇ ಭಾರತದ ನಾಟಕವನ್ನೇ ಮಾಡಿಸಬೇಕು ಅಂತಲೂ ಇಲ್ಲ. ಭಾರತ ಮೂಲದ ನಿರ್ದೇಶಕ ಜತಿಂದರ್ ವರ್ಮಾ ಹುಟ್ಟಿದ್ದು ಆಫ್ರಿಕಾದ ದಾರ್ ಎಸ್ ಸಲಾಮ್‌ನಲ್ಲಿ, ಬೆಳೆದಿದ್ದು ನೈರೋಬಿಯಲ್ಲಿ, ಇಂಗ್ಲೆಂಡಿಗೆ ಬಂದಿದ್ದು 1968ರಲ್ಲಿ. 1977ರಲ್ಲಿ ಗೆಳೆಯರ ಜೊತೆ ತಾರಾ ಆರ್ಟ್ಸ್ ಅಂತ ನಾಟಕ ಕಂಪನಿ ಕಟ್ಟಿದರು. 1990ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅವರು ಮಾಡಿಸಿದ್ದು ಫ್ರೆಂಚ್ ನಾಟಕಕಾರ ಮೊಲಿಯೇರನ ನಾಟಕ. ಅದನ್ನು ಮೊಗಲರ ಕಾಲದ ಭಾರತಕ್ಕೆ ತಂದು, ಏಷ್ಯಾ ಮೂಲದ ನಟರಿಂದಲೇ ಆಡಿಸಿದರು. ಕಂಪನಿ ಕಟ್ಟಿದ್ದಕ್ಕೂ ಅದಕ್ಕೂ ನಡುವೆ 13 ವರ್ಷ. ಮೂರು ವರ್ಷಕ್ಕೇ ಸಾಕಾಯಿತು ಅನ್ನುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ನನಗೆ ದಾರಿ ಮತ್ತೆ ತೆರೆದಿದ್ದು ಸಣ್ಣ ಅನುದಾನದಿಂದ. ಕಲೆಗೆ ಸಾರ್ವಜನಿಕ ದುಡ್ಡು ಹಂಚುವ ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲ್ ಒಬ್ಬೊಬ್ಬ ಕಲಾವಿದರಿಗೂ ಅನುದಾನ ಕೊಡುತ್ತದೆ, 1,000 ಪೌಂಡಿನಿಂದ ಶುರು. ಸಾಮಾನ್ಯವಾಗಿ ಖರ್ಚಿನ 10% ಬೇರೆ ಕಡೆಯಿಂದ ಬರಬೇಕು. ಆ ದುಡ್ಡಿನಲ್ಲಿ ಇಬ್ಬರು ನಟರನ್ನು ಒಂದು ವಾರಕ್ಕೆ ಕರೆದೆ, ಇಬ್ಬರಿಗೂ ಸಂಬಳ ಕೊಟ್ಟೆ, ಶುಕ್ರವಾರ ಇಪ್ಪತ್ತು ಜನರ ಮುಂದೆ ಅರ್ಧ ತಾಸಿನ ತುಣುಕು ತೋರಿಸಿದೆ. ರಾತ್ರಿ ಪಾಳಿಯ ಕೇರ್ ಹೋಮಿನ ಕಥೆ. ನಡುನಡುವೆ ಕನ್ನಡದ ಮಾತು ಇಟ್ಟೆ, ಅನುವಾದ ಕೊಡಲಿಲ್ಲ. ಆ ಇಪ್ಪತ್ತರಲ್ಲಿ ಇಬ್ಬರು ಆಮೇಲೆ ಕೆಲಸ ಕೊಟ್ಟರು. ಕರೆಯೋಲೆಯನ್ನು ಆರು ವಾರ ಮೊದಲೇ ಕಳಿಸಿದ್ದೆ, ಅದನ್ನು ಮರೆಯಬೇಡಿ. ಇಲ್ಲಿ ಹಿಂದಿನ ದಿನ ಫೋನ್ ಮಾಡಿ ‘ಬನ್ನಿ ಸಾರ್’ ಅಂದರೆ ಯಾರೂ ಬರುವುದಿಲ್ಲ.

ಅಕ್ಟೋಬರಿನಲ್ಲಿ ನನ್ನ ಮುಂದಿನ ತಾಲೀಮು ಶುರುವಾಗುತ್ತದೆ. ಅಷ್ಟರಲ್ಲಿ ಬಂದಿಳಿದಿದ್ದರೆ ಒಂದು ಮೆಸೇಜ್ ಹಾಕಿ, ಬಂದು ಮೂಲೆಯಲ್ಲಿ ಕೂರಿ. ಮೊದಲ ವಾರ ನಟರಿಗೆ ಏನೂ ಹೇಳಬೇಡಿ. ಅನ್ನಿಸಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಸಂಜೆ ಆರರ ನಂತರ ನನಗೆ ಹೇಳಿ.