ಟಿಎಸ್‌ಎಚ್ 22, ಎಲ್‌ಡಿಎಲ್ 172: ಮೊದಲು ಯಾವ ಮಾತ್ರೆ?

ಪ್ರಶ್ನೆ: ನನಗೆ 46 ವರ್ಷ. ಸುಸ್ತು, ಮಲಬದ್ಧತೆ, ಮೀನಖಂಡದ ನೋವು ಇದೆ. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ 22, ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ 172 ಬಂದಿದೆ. ಬಿಪಿ, ಶುಗರ್ ಇಲ್ಲ. ವೈದ್ಯರು ಥೈರಾಯ್ಡ್ ಮಾತ್ರೆ ಮಾತ್ರ ಬರೆದು, ಕೊಲೆಸ್ಟ್ರಾಲ್‌ದು ಆಮೇಲೆ ನೋಡೋಣ ಎಂದರು. ತಡವಾದರೆ ಹೃದಯಕ್ಕೆ ಅಪಾಯವಿಲ್ಲವೇ?

ಉತ್ತರ: ನಿಮ್ಮ ವೈದ್ಯರು ಹಿಡಿದ ದಾರಿ ಸರಿಯಾಗಿದೆ. ಟಿಎಸ್‌ಎಚ್ ಇಷ್ಟು ಏರಿದೆ ಎಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಿದೆ ಎಂದರ್ಥ. ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಕೊಕ್ಕೆಗಳು, ಅಂದರೆ ಎಲ್‌ಡಿಎಲ್ ಗ್ರಾಹಕಗಳು, ಯಕೃತ್ತಿನ ಕೋಶಗಳ ಮೇಲಿರುತ್ತವೆ. ಅವು ಸಾಕಷ್ಟು ತಯಾರಾಗಲು ಥೈರಾಯ್ಡ್ ಹಾರ್ಮೋನು ಬೇಕು. ಹಾರ್ಮೋನು ಕಡಿಮೆಯಾದರೆ ಕೊಕ್ಕೆಗಳೂ ಕಡಿಮೆ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಊಟದಲ್ಲಿ ಎಷ್ಟೇ ಪಥ್ಯ ಮಾಡಿದರೂ ಅಂಕಿ ಇಳಿಯದಿರುವುದು ಇದಕ್ಕೇ.

ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಾದ ಸ್ಟ್ಯಾಟಿನ್‌ಗೆ ಅವಸರ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಥೈರಾಯ್ಡ್ ಕೊರತೆಯೇ ಸ್ನಾಯುನೋವು ತಂದು, ಸ್ನಾಯುಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಸಿಪಿಕೆ ಎಂಬ ಅಂಶವನ್ನು ಏರಿಸಬಲ್ಲದು. ಕೊರತೆ ಸರಿಯಾಗುವ ಮುನ್ನ ಸ್ಟ್ಯಾಟಿನ್ ಕೊಟ್ಟರೆ ಸ್ನಾಯುಗಳಿಗೆ ಪೆಟ್ಟು ಬೀಳುವ ಸಂಭವ ಹೆಚ್ಚು. ನಿಮಗೆ ಈಗಾಗಲೇ ಮೀನಖಂಡ ನೋಯುತ್ತಿದೆ. ಆದರೆ ಹಿಂದೆ ಹೃದಯಾಘಾತವಾಗಿ ಸ್ಟ್ಯಾಟಿನ್ ನುಂಗುತ್ತಿರುವವರು ಇದನ್ನೋದಿ ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಥೈರಾಯ್ಡ್ ಮಾತ್ರೆ, ಅಂದರೆ ಲೆವೊಥೈರಾಕ್ಸಿನ್, ನುಂಗುವ ರೀತಿಯಲ್ಲೇ ಬಹಳ ಜನ ಎಡವುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ತೆಗೆದುಕೊಳ್ಳಿ. ಕಾಫಿ, ತಿಂಡಿ 30ರಿಂದ 60 ನಿಮಿಷದ ಮೇಲೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಇಲ್ಲದಿದ್ದರೆ ಅವು ಕರುಳಿನಲ್ಲೇ ಔಷಧಿಯನ್ನು ಕಟ್ಟಿಹಾಕುತ್ತವೆ, ಟಿಎಸ್‌ಎಚ್ ಇಳಿಯುವುದಿಲ್ಲ, ಸುಮ್ಮನೆ ಡೋಸ್ ಏರುತ್ತದೆ. ರಕ್ತದಲ್ಲಿ ಈ ಔಷಧಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಟಿಎಸ್‌ಎಚ್ ಅನ್ನು 6ರಿಂದ 8 ವಾರದ ನಂತರವೇ ಮತ್ತೆ ನೋಡಬೇಕು. ಎರಡೇ ವಾರಕ್ಕೆ ಮಾಡಿಸಿದರೆ ದುಡ್ಡು ದಂಡ. ಟಿಎಸ್‌ಎಚ್ ಹದಕ್ಕೆ ಬಂದು 2-3 ತಿಂಗಳಾದ ಮೇಲೆ ಲಿಪಿಡ್ ಪ್ರೊಫೈಲ್, ಅಂದರೆ ಕೊಲೆಸ್ಟ್ರಾಲ್ ಪರೀಕ್ಷೆ, ಮಾಡಿಸಿ. ಆಗಲೂ ಎಲ್‌ಡಿಎಲ್ ಹೆಚ್ಚೇ ಇದ್ದರೆ ಸ್ಟ್ಯಾಟಿನ್ ವಿಚಾರ.

ಹೃದಯದ ಮಾತಿಗೆ ಬಂದರೆ, ಕೊಲೆಸ್ಟ್ರಾಲ್ ಒಂದೇ ಅಲ್ಲ. ಈ ಕೊರತೆಯಲ್ಲಿ ನಾಡಿ ನಿಧಾನವಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿಯ ಕೆಳಗಿನ ಅಂಕಿ ಏರಬಹುದು. ವರ್ಷಗಟ್ಟಲೆ ಬಿಟ್ಟರೆ ಹೃದಯದ ಸುತ್ತ ನೀರು ತುಂಬುವುದೂ ಉಂಟು. ಕೆಲವು ವಾರಗಳ ಕಾಯುವಿಕೆಯಿಂದ ನಿಮಗೆ ಹೆದರಿಕೆಯಿಲ್ಲ.

ಬೇಗ ಗುಣವಾಗಲೆಂದು ಎರಡು ಮಾತ್ರೆ ನುಂಗಬೇಡಿ. ಹಾರ್ಮೋನು ಹೆಚ್ಚಾದರೆ ಹೃದಯದ ಬಡಿತ ತಾಳ ತಪ್ಪಬಹುದು. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ದಿನಕ್ಕೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರುಮಾಡುವುದು ಅದಕ್ಕೇ. ಮಾತ್ರೆ ಶುರುವಾದ ಮೇಲೆ ಎದೆ ಹಿಡಿದಂತಾದರೆ ಮುಂದಿನ ತಪಾಸಣೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.