‘ನಾ ಯಾರು ಹೇಳ್ರಿ ನೋಡೋಣು’ ಅನ್ನೋದು ಬಿಡಿ

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಬೆಟಗೇರಿಯಲ್ಲಿ ಮಗ್ಗ ನೇಯ್ದು ಸಂಸಾರ ನಡೆಸಿದವರು. ಕಣ್ಣಿನೊಳಗಿನ ಪರದೆಯ (ಅಕ್ಷಿಪಟಲ, ಅಂದರೆ ರೆಟಿನಾ) ನಡುಭಾಗ ಸವೆದಿದೆ, ಒಣ ಬಗೆಯದು, ಕನ್ನಡಕ ಬದಲಿಸಿ ಉಪಯೋಗವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ದಿನಾ ಸಂಜೆ ಗುಡಿ ಕಟ್ಟೆಗೆ ಹೋಗುತ್ತಿದ್ದವರು ಈಗ ಹೊಸ್ತಿಲು ದಾಟಲ್ಲ. ಪಕ್ಕದಿಂದ ಸೈಕಲ್ ಬಂದರೆ ಸರಿದು ನಿಲ್ಲುತ್ತಾರೆ, ಎದುರಿಗೆ ಗೆಳೆಯ ನಿಂತರೆ ಗುರುತು ಸಿಗಲ್ಲ. ಅದಕ್ಕೇ ಕೆಲವರು ಸೊಕ್ಕು ಅಂತಾರೆ, ಕೆಲವರು ನಾಟಕ ಅಂತಾರೆ. ಈಚೆಗೆ ಮೂಲೆಯಲ್ಲಿ ಯಾರೋ ಮಕ್ಕಳು ನಿಂತಂಗೆ ಕಾಣುತ್ತೆ ಅಂತಾರೆ. ಭಯ ಆಗಿದೆ. ಏನು ಮಾಡಲಿ?
— ಓದುಗರು, ಗದಗ

ಉತ್ತರ: ತಂಗೀ, ಇದು ನಾಟಕ ಅಲ್ಲವೇ ಅಲ್ಲ. ಈ ಕಾಯಿಲೆಯಲ್ಲಿ ಹೋಗೋದು ನೋಟದ ನಡುಭಾಗ, ಅಂಚು ಉಳಿಯುತ್ತೆ. ಹಾಗಾಗಿ ಸೈಕಲ್ ಕಾಣುತ್ತೆ, ಮುಖ ಕಾಣಲ್ಲ. ಎದುರಿನವರನ್ನು ಕಾಣೋಕೆ ಅವರು ಕಣ್ಣು ಸ್ವಲ್ಪ ಪಕ್ಕಕ್ಕೆ ಹೊರಳಿಸಬೇಕು, ನಿಂತವರಿಗೆ ಅದೇ ‘ನನ್ನ ಕಂಡು ಮುಖ ತಿರುಗಿಸಿದ’ ಅನ್ನಿಸಿಬಿಡುತ್ತೆ. ಇದನ್ನು ಕಟ್ಟೆಯವರಿಗೆ ನಿಮ್ಮ ಮನೆಯವರೇ ಹೋಗಿ ಹೇಳಲಿ. ಮಾವನವರೇ ಹೇಳಿಕೊಳ್ಳಲಿ ಅಂತ ಕಾಯಬೇಡಿ, ಎಳೆ ಎಳೆ ನೋಡಿ ನೇಯ್ದ ಮನುಷ್ಯನಿಗೆ ‘ನನಗೆ ಕಾಣಲ್ಲ’ ಅನ್ನೋದು ಸುಲಭಕ್ಕೆ ಬಾಯಿಗೆ ಬರಲ್ಲ.

ಹತ್ತಿರ ಬಂದವರು ಮೊದಲು ತಮ್ಮ ಹೆಸರು ಹೇಳಬೇಕು, ಮುಖ್ಯ ಇದೇ. ನಮ್ಮ ಕಡೆ ಏನು ಮಾಡ್ತಾರೆ ಗೊತ್ತಲ್ವಾ, ವಯಸ್ಸಾದವರ ಮುಂದೆ ನಿಂತು ‘ನಾ ಯಾರು ಹೇಳ್ರಿ ನೋಡೋಣು?’ ಅಂತಾರೆ. ಪ್ರೀತಿಯಿಂದಲೇ ಕೇಳೋದು, ನಿಜ. ಆದರೆ ಹತ್ತು ಜನರ ನಡುವೆ ತಪ್ಪು ಹೆಸರು ಹೇಳಿ ಎಲ್ಲರೂ ನಕ್ಕರೆ ಮರುದಿನ ಯಾರು ತಾನೇ ಕಟ್ಟೆಗೆ ಬರ್ತಾರೆ? ‘ಕಾಕಾ, ನಾ ಕಿರಾಣಿ ಅಂಗಡಿ ಬಸಪ್ಪ, ನಿಮ್ಮ ಎಡಕ್ಕ ಕುಂತೀನಿ’ ಅಂದರೆ ಸಾಕು, ಮಾತು ತಾನೇ ಶುರುವಾಗುತ್ತೆ. ಎದ್ದು ಹೋಗುವಾಗಲೂ ‘ಬರ್ತೀನ್ರಿ’ ಅನ್ನಬೇಕು, ಇಲ್ಲದಿದ್ದರೆ ಪಾಪ, ಖಾಲಿ ಜಾಗಕ್ಕೆ ಮಾತಾಡ್ತಾ ಕೂತಿರ್ತಾರೆ. ಮನೆಯಲ್ಲೂ ಅಷ್ಟೇ, ಸುಮ್ನೆ ತಲೆ ಆಡಿಸಬೇಡಿ, ಬಾಯಿಬಿಟ್ಟು ಹೇಳಿ.

ಗದುಗಿನಲ್ಲಿದ್ದ ಮೇಲೆ ಯಾರಾದರೂ ಪುಟ್ಟರಾಜ ಗವಾಯಿಗಳ ಹೆಸರು ಹೇಳಿ ಧೈರ್ಯ ತುಂಬೋಕೆ ಬಂದೇ ಬರ್ತಾರೆ. ಗವಾಯಿಗಳು ದೊಡ್ಡವರು. ಆದರೆ ಅವರು ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳಕೊಂಡವರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಚಿಕ್ಕಂದಿನಿಂದ ಕಲಿತವರು. ಎಪ್ಪತ್ತು ದಾಟಿದ ಮೇಲೆ ಕಣ್ಣು ಹೋಗೋದೇ ಬೇರೆ. ಹೋಲಿಸಿ ನೋಯಿಸಬೇಡಿ.

ಮೂಲೆಯ ಮಕ್ಕಳಿಗೆ ಹೆದರಬೇಡಿ. ನೋಟ ಕಡಿಮೆಯಾದಾಗ ಕೆಲವರಿಗೆ ಮೆದುಳೇ ಚಿತ್ರ ಕಟ್ಟಿ ತೋರಿಸುತ್ತೆ. 1760ರಲ್ಲಿ ಚಾರ್ಲ್ಸ್ ಬೊನೆ ಅನ್ನುವವರು ತಮ್ಮ ಅಜ್ಜನಿಗೆ ಹೀಗಾದದ್ದನ್ನು ಬರೆದರು, ಅವರ ಹೆಸರೇ ಇದಕ್ಕೆ ಉಳಿದಿದೆ. ದೆವ್ವವೂ ಅಲ್ಲ, ಹುಚ್ಚೂ ಅಲ್ಲ. ಆದರೂ ಡಾಕ್ಟರಿಗೆ ತಿಳಿಸಿ, ಜೊತೆಗೆ ಮರೆವು, ಗೊಂದಲ ಇದ್ದರೆ ಬೇರೆ ಕಾರಣ ಇರಬಹುದು.

ಇನ್ನೊಂದು ಎಚ್ಚರ. ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಲಿ. ನೆಟ್ಟಗಿರೋ ಗೆರೆ ಇದ್ದಕ್ಕಿದ್ದಂತೆ ಸೊಟ್ಟ ಕಂಡರೆ ಕಾಯಿಲೆ ಒದ್ದೆ ಬಗೆಗೆ, ಅಂದರೆ ಕಣ್ಣಿನೊಳಗೆ ರಕ್ತನಾಳ ಸೋರುವ ಬಗೆಗೆ, ತಿರುಗಿರಬಹುದು, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆ ಬಗೆಗೆ ಇಂಜೆಕ್ಷನ್ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಅಲ್ಲೇ ಭೂತಗನ್ನಡಿ ಬಗ್ಗೆಯೂ ಕೇಳಿ.

ಮಬ್ಬು ಬೆಳಕಲ್ಲಿ ಇವರಿಗೆ ಇನ್ನೂ ಕಷ್ಟ. ಅದಕ್ಕೆ ಕಟ್ಟೆಗೆ ನಾಲ್ಕೂವರೆಗೇ ಕರಕೊಂಡು ಹೋಗಲಿ, ಕೈ ಹಿಡಿದು ಎಳೆಯೋದು ಬೇಡ, ಅವರೇ ಮೊಮ್ಮಗನ ಮೊಣಕೈ ಹಿಡಿಯಲಿ.