ಬಿ.ಕಾಂ ಆದ ಮೇಲೆ ಬಿಸಿನೆಸ್ ಲಾ ಮಾತ್ರ ಓದಬಹುದಾ?

ಮಂಡ್ಯದಲ್ಲಿ ಬಿ.ಕಾಂ ಮುಗಿಸಿದ್ದೀರಿ, ಮೈಸೂರಿನಲ್ಲಿ ಲಾ ಸೇರಿ ಬಿಸಿನೆಸ್ ಲಾ ಒಂದನ್ನೇ ಓದಬಹುದಾ ಅಂತ ಕೇಳಿದ್ದೀರಿ. ಒಂದನ್ನೇ ಅಂದರೆ ಆಗುವುದಿಲ್ಲ. 3 ವರ್ಷದ ಎಲ್‌ಎಲ್‌ಬಿಯಲ್ಲಿ ಸಂವಿಧಾನ, ಕ್ರಿಮಿನಲ್ ಕಾನೂನು ಎಲ್ಲರೂ ಓದಲೇಬೇಕು. ಒಂದೇ ವಿಷಯಕ್ಕೆ ಆಳವಾಗಿ ಇಳಿಯುವುದು ಅದಾದ ಮೇಲಿನ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂನಲ್ಲಿ.

ಆದರೆ ಬಿಸಿನೆಸ್ ಲಾಗೆ ಬುನಾದಿ ಬೀಳುವುದು ಎಲ್‌ಎಲ್‌ಬಿಯಲ್ಲೇ. 1872ರ ಕರಾರು ಕಾಯ್ದೆಯನ್ನು ದಯವಿಟ್ಟು ಸುಮ್ನೆ ಉರು ಹೊಡೆಯಬೇಡಿ. ನಿಮ್ಮ ಕಡೆಯ ಆಲೆಮನೆಯನ್ನೇ ನೋಡಿ. ಇಷ್ಟು ದರಕ್ಕೆ ಬೆಲ್ಲ ಕೊಡ್ತೀನಿ ಅಂತ ಆಲೆಮನೆಯವರು ಅಂದರು, ವ್ಯಾಪಾರಿ ಒಪ್ಪಿದರು. ಬಾಯಿಮಾತಾದರೂ ಅದು ಕರಾರೇ ಅಲ್ವಾ? ವ್ಯಾಪಾರಿ ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲದೆ ವಾಪಸ್ ಬಂತು ಅನ್ನಿ. ಆಗ ಚೆಕ್‌ನಂಥ ಹಣದ ಪತ್ರಗಳಿಗಿರುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಬರುತ್ತದೆ. ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಆಗಲೂ ಕಟ್ಟದಿದ್ದರೆ ಒಂದು ತಿಂಗಳೊಳಗೆ ದೂರು. ಈ ಲೆಕ್ಕ ತಪ್ಪಿದರೆ ಕೇಸೇ ಬಿದ್ದುಹೋಗಬಹುದು.

ಮುಂದೆ ದಾರಿ ಕವಲೊಡೆಯುತ್ತದೆ: 2013ರ ಕಂಪನಿ ಕಾಯ್ದೆ, 2016ರ ದಿವಾಳಿ ಸಂಹಿತೆ, 2017ರಿಂದ ಜಾರಿಯಾದ ಜಿಎಸ್‌ಟಿ. ಬ್ಯಾಲೆನ್ಸ್ ಶೀಟ್ ಓದಲು ಬರುವ ನಿಮಗೆ ಇವು ಜಾಸ್ತಿ ಸುಲಭ. ಬೌದ್ಧಿಕ ಆಸ್ತಿಯನ್ನೂ, ಅಂದರೆ ಹೆಸರು, ಆವಿಷ್ಕಾರದಂಥವುಗಳ ಮೇಲಿನ ಹಕ್ಕನ್ನೂ ಬಿಡಬೇಡಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೈಸೂರು ರೇಷ್ಮೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು ಇದೆ. ಆ ಹೆಸರು ಯಾರು ಬಳಸಬಹುದು ಅನ್ನುವುದೇ ದೊಡ್ಡ ಕೆಲಸ.

ರಜೆ ಸಿಕ್ಕಾಗ ತೆರಿಗೆ ಕೇಸು ನೋಡುವ ವಕೀಲರ ಆಫೀಸಿನಲ್ಲಿ ಕೂತು ಫೈಲ್ ಓದಿ. ಮೊದಲ ವರ್ಷದಿಂದಲೇ ಶುರು ಮಾಡಿ.